ಎರಡು ಸೆಕೆಂಡಿನ ಗಡುವು

ಗ್ರಾಫಿಕ್ಸ್ ಕಾರ್ಡಿಗೆ ಒಪ್ಪಿಸಿದ ಕೆಲಸ ಮುಗಿಯಲಿ ಎಂದು ವಿಂಡೋಸ್ ಎರಡು ಸೆಕೆಂಡು ಕಾಯುತ್ತದೆ. ನಮಗೆ ಎರಡು ಸೆಕೆಂಡು ಲೆಕ್ಕಕ್ಕೇ ಇಲ್ಲ. ಸೆಕೆಂಡಿಗೆ ಅರವತ್ತು ಚಿತ್ರ ಬರೆದು ಪರದೆಗೆ ಕಳಿಸುವ ಕಾರ್ಡಿಗೆ ಅದು ನೂರಿಪ್ಪತ್ತು ಚಿತ್ರಗಳ ಹೊತ್ತು. ಅಷ್ಟಾದರೂ ಕಾರ್ಡಿನಿಂದ ಉತ್ತರ ಬರಲಿಲ್ಲವೆಂದರೆ ಅದು ಎಲ್ಲೋ ಸಿಕ್ಕಿಹಾಕಿಕೊಂಡಿದೆ ಎಂದೇ ವಿಂಡೋಸ್ ತಿಳಿದು, ಕಾರ್ಡನ್ನು ಒಮ್ಮೆ ರೀಸೆಟ್ ಮಾಡುತ್ತದೆ. ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಬರುತ್ತದೆ. ಆಟ ಮುಚ್ಚಿಹೋಗಬಹುದು, ಉಳಿದದ್ದಕ್ಕೆ ತೊಂದರೆಯಿಲ್ಲ. ರೀಸೆಟ್ ಮಾಡಿದರೂ ಕಾರ್ಡ್ ಏಳದಿದ್ದರೆ, ಅಥವಾ ಒಂದೇ ನಿಮಿಷದಲ್ಲಿ ಐದಕ್ಕಿಂತ ಹೆಚ್ಚು ಸಲ ಹೀಗಾದರೆ, ಕಂಪ್ಯೂಟರನ್ನೇ ನಿಲ್ಲಿಸಿ ನೀಲಿ ಪರದೆ ತೋರಿಸುತ್ತದೆ. ಅದರ ಮೇಲೆ 'ವಿಡಿಯೊ ಟಿಡಿಆರ್ ಫೇಲ್ಯೂರ್' ಎಂಬ ಸಾಲು, ಕೆಳಗೆ ಯಾವುದೋ ಒಂದು ಫೈಲಿನ ಹೆಸರು. ಮನೆಯಲ್ಲಿ ಗೇಮ್ ಆಡುವ ಹುಡುಗರಿಗೆ ಇದಕ್ಕಿಂತ ಹೊಟ್ಟೆ ಉರಿಸುವ ಸಾಲು ಇನ್ನೊಂದಿಲ್ಲ. 2025ರಿಂದ ವಿಂಡೋಸ್ 11ರಲ್ಲಿ ಈ ಪರದೆ ಕಪ್ಪು ಬಣ್ಣಕ್ಕೆ ತಿರುಗಿದೆ. ಬಣ್ಣ ಬದಲಾದರೂ ಒಳಗಿನ ಲೆಕ್ಕಾಚಾರ ಅದೇ.

ಈ ಗಡುವು ಬಂದದ್ದು ವಿಂಡೋಸ್ ವಿಸ್ಟಾ ಜೊತೆಗೆ, 2007ರ ಹೊತ್ತಿಗೆ. ಅದಕ್ಕೂ ಮುಂಚೆ, ಎಕ್ಸ್‌ಪಿ ಕಾಲದಲ್ಲಿ, ಕಾರ್ಡ್ ಹ್ಯಾಂಗ್ ಆದರೆ ಸಾಮಾನ್ಯವಾಗಿ ಇಡೀ ಯಂತ್ರವೇ ಕಲ್ಲಾಗುತ್ತಿತ್ತು; ರೀಸೆಟ್ ಗುಂಡಿ ಒತ್ತದೆ ಗತಿಯಿರಲಿಲ್ಲ. ವಿಸ್ಟಾ ಬರೆದ ಎಂಜಿನಿಯರುಗಳು ಗ್ರಾಫಿಕ್ಸ್ ಡ್ರೈವರನ್ನು ಎರಡು ಭಾಗ ಮಾಡಿದರು. ದೊಡ್ಡ ಭಾಗವನ್ನು ಆಟದ ಪಕ್ಕದಲ್ಲೇ, ಸಾಮಾನ್ಯ ಪ್ರೋಗ್ರಾಂಗಳು ಇರುವ ಜಾಗದಲ್ಲಿ ಇಟ್ಟರು. ಚಿಕ್ಕ ಭಾಗವನ್ನು ಮಾತ್ರ ಕರ್ನಲ್ ಒಳಗೆ, ಡಿಸ್ಕ್ ಮತ್ತು ಮೆಮೊರಿಯ ಮೇಲೆ ಪೂರ್ತಿ ಅಧಿಕಾರವಿರುವ ಜಾಗದಲ್ಲಿ ಬಿಟ್ಟರು. ಮೊದಲನೆಯದು ಕೆಟ್ಟರೆ ಆಟ ಮಾತ್ರ ಸಾಯುತ್ತದೆ. ಎರಡನೆಯದು ಕೆಟ್ಟರೆ ಅದು ಮುಂದೆ ಯಾರ ಮೆಮೊರಿಯ ಮೇಲೆ ಏನು ಬರೆದೀತೋ ಹೇಳಲಾಗದು. ಡಿಸ್ಕಿನಲ್ಲಿರುವ ಫೋಟೊ, ಪ್ರಾಜೆಕ್ಟ್ ರಿಪೋರ್ಟ್ ಕೆಡುವ ಮುಂಚೆ ಎಲ್ಲವನ್ನೂ ನಿಲ್ಲಿಸಿಬಿಡುವುದೇ ಮೇಲು. ನೀಲಿ ಪರದೆ ಇರುವುದು ಈ ಕೆಲಸಕ್ಕೆ. ಹೊಸ ವ್ಯವಸ್ಥೆಗೆ ಡ್ರೈವರುಗಳು ಹೊಂದಿಕೊಳ್ಳಲು ಮಾತ್ರ ಬಹಳ ತೊಳಲಾಡಿದವು. ಆಮೇಲೆ ಅಮೆರಿಕದ ನ್ಯಾಯಾಲಯವೊಂದರಲ್ಲಿ ಬಯಲಾದ ಮೈಕ್ರೋಸಾಫ್ಟ್ ಕಾಗದಪತ್ರಗಳ ಪ್ರಕಾರ, 2007ರಲ್ಲಿ ದಾಖಲಾದ ವಿಸ್ಟಾ ಕ್ರ್ಯಾಶ್‌ಗಳಲ್ಲಿ ಶೇಕಡಾ 28.8 ಎನ್‌ವಿಡಿಯಾ ಡ್ರೈವರುಗಳ ಲೆಕ್ಕಕ್ಕೆ ಬಿದ್ದಿದ್ದವು. 'ನೀಲಿ ಪರದೆ ಎಂದರೆ ಡ್ರೈವರ್' ಎಂಬ ನಂಬಿಕೆ ಊರೂರಿಗೆ ಹಬ್ಬಿದ್ದು ಬಹುಶಃ ಆ ದಿನಗಳಿಂದಲೇ.

ಆ ನಂಬಿಕೆಯಿಂದ ಇವತ್ತು ಎಷ್ಟೋ ಒಳ್ಳೆಯ ಕಾರ್ಡುಗಳು ಗುಜರಿಗೆ ಹೋಗುತ್ತಿವೆ, ಎಷ್ಟೋ ಕಂಪ್ಯೂಟರುಗಳಿಗೆ ವಿನಾಕಾರಣ ವಿಂಡೋಸ್ ಹೊಡೆಯಲಾಗುತ್ತಿದೆ. ಪರದೆಯ ಮೇಲಿನ ಫೈಲ್ ಹೆಸರು ಕಾರ್ಡಿನ ಡ್ರೈವರಿನದು: ಎನ್‌ವಿಡಿಯಾ ಚಿಪ್ಪಾದರೆ 'ಎನ್‌ವಿಎಲ್‌ಡಿಡಿಎಂಕೆಎಂ', ಎಎಂಡಿ ಆದರೆ 'ಎಎಂಡಿಕೆಎಂಡಿಎಜಿ'. ತಪ್ಪು ಎಲ್ಲಿ ಕಣ್ಣಿಗೆ ಬಿತ್ತು ಎನ್ನುವುದನ್ನು ಅದು ಹೇಳುತ್ತದೆ. ಎಲ್ಲಿ ಹುಟ್ಟಿತು ಎನ್ನುವುದನ್ನು ಹೇಳುವುದಿಲ್ಲ. ಕಾರ್ಡ್ ಉತ್ತರ ಕೊಡದಿರಲು ಡ್ರೈವರ್ ಕಾರಣವಿರಬಹುದು. ಕಂಪ್ಯೂಟರಿಗೆ ಕರೆಂಟು ಹಂಚುವ ಎಸ್‌ಎಂಪಿಎಸ್ ಸೋತಿರಬಹುದು, ರ‍್ಯಾಮ್ ತಪ್ಪು ಅಂಕಿ ಕೊಟ್ಟಿರಬಹುದು, ಸ್ಲಾಟಿನಲ್ಲಿ ಕಾರ್ಡ್ ಸಡಿಲವಾಗಿರಬಹುದು.

ಇದಕ್ಕೆ ಜಗತ್ತೇ ನೋಡಿದ ಉದಾಹರಣೆ 2024ರದು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ದುಬಾರಿ ಪ್ರೊಸೆಸರ್ ಹಾಕಿಸಿಕೊಂಡವರ ಆಟಗಳು 'ವಿಡಿಯೊ ಮೆಮೊರಿ ಸಾಲದು' ಎಂದು ಹೇಳಿ ಮುಚ್ಚಿಕೊಳ್ಳುತ್ತಿದ್ದವು. ಕಾರ್ಡಿನಲ್ಲಿ ಬೇಕಾದಷ್ಟು ಮೆಮೊರಿ ಇತ್ತು. ಜನ ಕಾರ್ಡ್ ಬದಲಾಯಿಸಿದರು, ಡ್ರೈವರ್ ಬದಲಾಯಿಸಿದರು. ಕೊನೆಗೆ ನೋಡಿದರೆ ತಪ್ಪು ಇದ್ದದ್ದು ಪ್ರೊಸೆಸರಿನಲ್ಲಿ. ಬೇಕಾದದ್ದಕ್ಕಿಂತ ಹೆಚ್ಚು ವೋಲ್ಟೇಜ್ ಪಡೆದು ಅದರೊಳಗಿನ ಕ್ಲಾಕ್ ಸರ್ಕ್ಯೂಟ್ ಸವೆಯುತ್ತಿತ್ತು; ಆಟದ ಒತ್ತಿಟ್ಟ ಕಡತಗಳನ್ನು ಬಿಚ್ಚುವಾಗ ತಪ್ಪು ಉತ್ತರ ಬರುತ್ತಿತ್ತು. ಆ ತಪ್ಪು ಅಂಕಿಯನ್ನು ನಂಬಿ ಆಟ ಗ್ರಾಫಿಕ್ಸ್ ಕಾರ್ಡಿನ ಮೇಲೆ ದೂರು ಹೇಳುತ್ತಿತ್ತು. ಇಂಟೆಲ್ ಆ ವರ್ಷ ಹೊಸ ಮೈಕ್ರೋಕೋಡ್ ಬಿಡುಗಡೆ ಮಾಡಿ, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು.

ದಾವಣಗೆರೆಯ ವಿನೋಬನಗರದಲ್ಲಿ ನಾನು ಹತ್ತಿರದಿಂದ ನೋಡಿದ ಪ್ರಕರಣ ಇಷ್ಟು ದೊಡ್ಡದಲ್ಲ, ಕಲಿಸಿದ್ದು ಮಾತ್ರ ಬಹಳ. ಎಂಜಿನಿಯರಿಂಗ್ ಓದುವ ಹುಡುಗ, ಮಹಡಿಯ ಮೇಲಿನ ಕೋಣೆ, ತಲೆಯ ಮೇಲೆ ಆರ್‌ಸಿಸಿ ಚಾವಣಿ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸೆಕೆಂಡ್ ಹ್ಯಾಂಡ್‌ನಲ್ಲಿ ತಂದ ಜಿಟಿಎಕ್ಸ್ 1660 ಸೂಪರ್ ಕಾರ್ಡು, ಹದಿನಾರು ಜಿಬಿ ರ‍್ಯಾಮ್, 600 ವಿಎ ಯುಪಿಎಸ್. ಚಳಿಗಾಲವೆಲ್ಲ ಚೆನ್ನಾಗಿ ನಡೆದ ಯಂತ್ರ ಮಾರ್ಚ್ ಕಳೆಯುತ್ತಿದ್ದಂತೆ ಆಟದ ನಡುವೆ ನೀಲಿಯಾಗತೊಡಗಿತು. ತೋರಿಸಿದ ಕಡೆಯೆಲ್ಲ ಒಂದೇ ಮಾತು: "ಕಾರ್ಡೇ ಹೋಗೇತಿ, ಹೊಸದು ಹಾಕ್ಸಿಬಿಡ್ರಿ." ಒಬ್ಬರು ವಿಂಡೋಸ್ ಹೊಡೆದೂ ಕೊಟ್ಟರು. ನನ್ನ ಮಟ್ಟಿಗೆ ಅದು ಮಾಡಬಾರದಿದ್ದ ಕೆಲಸ. ಪ್ರತಿ ನೀಲಿ ಪರದೆಯ ಹೊತ್ತಿಗೂ ವಿಂಡೋಸ್ ತನ್ನ ಫೋಲ್ಡರಿನೊಳಗೆ 'ಮಿನಿಡಂಪ್' ಎಂಬಲ್ಲಿ ಒಂದು ಚಿಕ್ಕ ಕಡತ ಬರೆದಿಡುತ್ತದೆ; ಇವೆಂಟ್ ವ್ಯೂವರ್‌ನಲ್ಲಿ ಗಂಟೆ ನಿಮಿಷ ಸಮೇತ ದಾಖಲೆ ಇರುತ್ತದೆ. ಫಾರ್ಮ್ಯಾಟ್ ಮಾಡಿದರೆ ಅದೆಲ್ಲ ಅಳಿಸಿಹೋಗುತ್ತದೆ, ಕಾಯಿಲೆ ಹಾಗೇ ಉಳಿಯುತ್ತದೆ.

ದಾರಿ ತೋರಿಸಿದವರು ಆ ಮನೆಯ ಅಜ್ಜ. ಹರಿಹರದಲ್ಲಿ 1941ರಲ್ಲಿ ಶುರುವಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಜೋಡಿಸುತ್ತಿದ್ದ ಫಿಟ್ಟರ್ ಅವರು. ಕಂಪ್ಯೂಟರ್ ಮುಟ್ಟಿದವರಲ್ಲ. ಮೊಮ್ಮಗನಿಗೆ ಹೇಳಿದ್ದು ಇಷ್ಟೇ: "ಯಾಕ್ ಕೆಡ್ತತಿ ಅಂಬೋದು ಆಮೇಲೆ. ಯಾವಾಗ್ ಕೆಡ್ತತಿ, ಅದನ್ನ ಬರ್ಕೋ ಮೊದ್ಲು." ಹುಡುಗ ಹಳೆಯ ಲ್ಯಾಬ್ ರೆಕಾರ್ಡಿನ ಹಿಂದಿನ ಹಾಳೆಗಳಲ್ಲಿ ಗೆರೆ ಎಳೆದು ಬರೆಯತೊಡಗಿದ. ಹೊತ್ತು, ಯಾವ ಆಟ, ಎಷ್ಟು ನಿಮಿಷಕ್ಕೆ ನಿಂತಿತು, ಕಾರ್ಡಿನ ಉಷ್ಣತೆ, ಆ ದಿನ ಏನು ಬದಲಾಯಿಸಿದ್ದು. ಒಂದು ವಾರ ಕಳೆಯುವಷ್ಟರಲ್ಲಿ ಅವನಿಗೇ ಹೊಳೆಯಿತು: "ಸರ್, ಮಧ್ಯಾಹ್ನ ಮಾತ್ರ ಹಿಂಗಾಗ್ತತಿ ನೋಡ್ರಿ. ರಾತ್ರಿ ಎಷ್ಟೊತ್ತು ಆಡಿದ್ರೂ ಏನೂ ಆಗಲ್ಲ." ಒಂದು ರಾತ್ರಿಯ ದಾಖಲೆ ಮಾತ್ರ ಇದಕ್ಕೆ ಒಗ್ಗುತ್ತಿರಲಿಲ್ಲ. ಪಕ್ಕದ ಕಾಲಂ ನೋಡಿದರೆ, ಅವತ್ತು ನೆಲ ಒರೆಸುವಾಗ ಸಿಪಿಯು ಡಬ್ಬವನ್ನು ಗೋಡೆಗೆ ಒತ್ತಿ ಇಟ್ಟಿದ್ದರು.

ಅಂದರೆ ಬಿಸಿಗೆ ಕೆಡುವ ಯಾವುದೋ ಭಾಗ. ಆದರೂ ನೇರ ಅದಕ್ಕೇ ಕೈಹಾಕದೆ, ಕಡಿಮೆ ಖರ್ಚಿನವನ್ನು ಒಂದೊಂದಾಗಿ ಪರೀಕ್ಷಿಸಿ ಬದಿಗಿಡುವುದು ಒಳ್ಳೆಯದು. ಮೊದಲು ಡ್ರೈವರ್. ಹಳೆಯದರ ಮೇಲೆ ಹೊಸದನ್ನು ಹಾಕಿದರೆ ಹಳೆಯದರ ಚೂರುಗಳು ಉಳಿದಿರುತ್ತವೆ. ಸೇಫ್ ಮೋಡ್‌ಗೆ ಹೋಗಿ 'ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್' ಎಂಬ ಉಚಿತ ಸಾಧನದಿಂದ ಪೂರ್ತಿ ತೆಗೆದು, ಕಂಪನಿಯ ಡ್ರೈವರನ್ನು ಹೊಸದಾಗಿ ಹಾಕಿದ್ದಾಯಿತು. ಮರುದಿನ ಮಧ್ಯಾಹ್ನ ಮತ್ತೆ ನೀಲಿ.

ಆಮೇಲೆ ಕರೆಂಟು. ನಮ್ಮ ಕಡೆ ಎಲ್ಲ ರೋಗಕ್ಕೂ ವೋಲ್ಟೇಜನ್ನೇ ದೂರುವ ಅಭ್ಯಾಸವಿದೆ. ಇಲ್ಲಿ ಒಂದು ಸುಲಭದ ಗುರುತು ಉಂಟು. ಕರೆಂಟು ನಿಜವಾಗಿ ಕೈಕೊಟ್ಟರೆ, ಯುಪಿಎಸ್ ಬ್ಯಾಟರಿ ಸತ್ತಿದ್ದರೆ, ನೀಲಿ ಪರದೆ ಬರೆಯಲು ಕಂಪ್ಯೂಟರಿಗೆ ಪುರುಸೊತ್ತೇ ಇರುವುದಿಲ್ಲ. ದೀಪ ಆರಿದ ಹಾಗೆ ಆರಿಹೋಗುತ್ತದೆ. ಮತ್ತೆ ಹಚ್ಚಿದಾಗ ಇವೆಂಟ್ ವ್ಯೂವರ್‌ನಲ್ಲಿ 'ಕರ್ನಲ್ ಪವರ್ 41' ಎಂಬ ದಾಖಲೆ ಮಾತ್ರ ಇರುತ್ತದೆ, ಅದರೊಳಗಿನ ಕ್ರ್ಯಾಶ್ ಸಂಕೇತ ಸೊನ್ನೆ. ನೀಲಿ ಪರದೆ ಮೂಡಿತು ಎಂದರೆ ಪ್ರೊಸೆಸರಿಗೆ ಅಷ್ಟು ಹೊತ್ತು ಕರೆಂಟು ಇತ್ತು ಎಂದಾಯಿತು. ಆದರೂ ಎಸ್‌ಎಂಪಿಎಸ್ ಪೂರ್ತಿ ಪಾರಾಗುವುದಿಲ್ಲ. ಕಾರ್ಡಿಗೆ ಹೋಗುವ 12 ವೋಲ್ಟಿನ ತಂತಿಯಲ್ಲಿ ಶೇಕಡಾ 5ರಷ್ಟು ಏರಿಳಿತಕ್ಕೆ ಮಾತ್ರ ಅವಕಾಶ, 11.4ರ ಕೆಳಗೆ ಕುಸಿದರೆ ಕಾರ್ಡ್ ಒಂದೇ ತಡವರಿಸಬಹುದು. ಈ ಕಾರ್ಡಿನ ಹಸಿವು 125 ವ್ಯಾಟ್. ಸ್ಲಾಟ್ ಕೊಡಬಲ್ಲದ್ದು 75, ಉಳಿದದ್ದು ಪಕ್ಕದ ಎಂಟು ಪಿನ್ನಿನ ತಂತಿಯಿಂದ ಬರಬೇಕು. ಗೆಳೆಯನ ಮನೆಯ ಒಳ್ಳೆಯ ಎಸ್‌ಎಂಪಿಎಸ್ ತಂದು ಜೋಡಿಸಿ ನೋಡಿದರೂ ಫಲಿತಾಂಶ ಬದಲಾಗಲಿಲ್ಲ. ರಾತ್ರಿಯಿಡೀ ಓಡಿಸಿದ ಮೆಮೊರಿ ಪರೀಕ್ಷೆಯಲ್ಲೂ ರ‍್ಯಾಮ್ ತಪ್ಪು ತೋರಿಸಲಿಲ್ಲ.

ಈಗ ಬಿಸಿ. ದಾವಣಗೆರೆಯಲ್ಲಿ ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಮುಟ್ಟುವುದು ಹೊಸ ಸುದ್ದಿಯಲ್ಲ. ಚಾವಣಿಯ ಕೆಳಗಿನ ಕೋಣೆ ಇನ್ನೂ ಕಾಯುತ್ತದೆ. ಕಂಪ್ಯೂಟರಿನ ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ, ಇದ್ದ ಗಾಳಿಯನ್ನು ಬೀಸುತ್ತದೆ ಅಷ್ಟೆ. ಕಾರ್ಡ್ ಅಷ್ಟೇ ಕೆಲಸ ಮಾಡಿ ಫ್ಯಾನು ಅಷ್ಟೇ ವೇಗದಲ್ಲಿ ತಿರುಗಿದರೆ, ಕೋಣೆ ಹನ್ನೆರಡು ಡಿಗ್ರಿ ಏರಿದಾಗ ಕಾರ್ಡಿನ ಪ್ರತಿ ಭಾಗವೂ ಸುಮಾರು ಹನ್ನೆರಡು ಡಿಗ್ರಿ ಏರುತ್ತದೆ. ಜನವರಿಯಲ್ಲಿ ಅಂಚಿನಲ್ಲಿ ನಡೆಯುತ್ತಿದ್ದ ಭಾಗ ಏಪ್ರಿಲ್‌ನಲ್ಲಿ ಅಂಚು ದಾಟುತ್ತದೆ. ಡಬ್ಬ ತೆರೆದರೆ ಫ್ಯಾನಿನ ಹಿಂದಿನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಬೂದುಬಣ್ಣದ ಧೂಳು ಕಂಬಳಿಯಂತೆ ಕೂತಿತ್ತು. ಕೋಣೆಯಲ್ಲಿ ನೀರಿನ ಕೂಲರ್ ಒಂದಿತ್ತು; ಅದರ ತೇವಕ್ಕೆ ಧೂಳು ಅಂಟಾಗಿ ಬ್ಲೋವರಿಗೂ ಬಿಡಲಿಲ್ಲ, ಬ್ರಷ್ಷಿನಿಂದ ಕೀಳಬೇಕಾಯಿತು. ಬ್ಲೋವರ್ ಹಿಡಿಯುವಾಗ ಫ್ಯಾನನ್ನು ಬೆರಳಲ್ಲಿ ಒತ್ತಿ ಹಿಡಿಯಬೇಕು. ಗಾಳಿಯ ರಭಸಕ್ಕೆ ಅದು ತಿರುಗಿದರೆ ಬೇರಿಂಗಿಗೂ ಪೆಟ್ಟು, ಪುಟ್ಟ ಡೈನಮೊ ಆಗಿ ಕಾರ್ಡಿನೊಳಗೆ ವೋಲ್ಟೇಜನ್ನೂ ತಳ್ಳೀತು.

ಶುಚಿ ಮಾಡಿದ ಮೇಲೆ ಚಿಪ್ಪಿನ ಉಷ್ಣತೆ ಎಪ್ಪತ್ತೈದರ ಆಸುಪಾಸಿಗೆ ಇಳಿಯಿತು. ಗ್ರಾಫಿಕ್ಸ್ ಚಿಪ್ಪಿಗೆ ಇದು ಆರಾಮದ ಬಿಸಿ. ಅದಕ್ಕಿಂತ ಬಹಳ ಮೇಲೆ ಹೋದರೆ ಚಿಪ್ಪು ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಎಲ್ಲರೂ ಉಸಿರುಬಿಟ್ಟೆವು. ಮಧ್ಯಾಹ್ನ ಮೂರು ಗಂಟೆಗೆ ಮತ್ತೆ ಅದೇ ನೀಲಿ ಪರದೆ.

ಇಲ್ಲೇ ಈ ಪ್ರಕರಣದ ತಿರುಳಿರುವುದು. ಪರದೆಯ ಮೂಲೆಯಲ್ಲಿ ನಾವು ನೋಡುವ ಅಂಕಿ ನಡುವಿನ ದೊಡ್ಡ ಚಿಪ್ಪಿನದು. ಅದರ ಸುತ್ತ ಆರು ಪುಟ್ಟ ಕರಿ ಚೌಕಗಳಿರುತ್ತವೆ. ಅವು ಕಾರ್ಡಿನ ಸ್ವಂತ ಮೆಮೊರಿ, ತಲಾ ಒಂದು ಜಿಬಿ. ಸೆಕೆಂಡಿಗೆ 336 ಜಿಬಿ ಮಾಹಿತಿ ಅವುಗಳಿಗೆ ಹೋಗಿ ಬರಬಲ್ಲದು. ಅವು ಎಷ್ಟು ಕಾದಿವೆ ಎಂದು ಈ ಕಾರ್ಡಿನಲ್ಲಿ ನಮಗೆ ತೋರಿಸುವ ಅಂಕಿಯೇ ಇಲ್ಲ. ಕಾಣುವ ಉಷ್ಣತೆ ಸರಿಯಾಗಿದ್ದು ಯಂತ್ರ ಮಾತ್ರ ಬಿಸಿಗೆ ಕೆಡುತ್ತಿದ್ದರೆ, ಕಾಣದ ಕಡೆ ಹುಡುಕಬೇಕು.

ಈ ಬಗೆಯ ಮೆಮೊರಿಯನ್ನು ಕಂಡುಹಿಡಿದವರು ಐಬಿಎಂನ ರಾಬರ್ಟ್ ಡೆನ್ನಾರ್ಡ್. 1968ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ಒಂದೊಂದು ಬಿಟ್ ಮಾಹಿತಿಯನ್ನೂ ಒಂದು ಸೂಕ್ಷ್ಮ ಕೆಪಾಸಿಟರಿನಲ್ಲಿ ವಿದ್ಯುತ್ತಾಗಿ ಹಿಡಿದಿಡುವ ಉಪಾಯ ಅದು. ಅಲ್ಲಿ ವಿದ್ಯುತ್ತು ಸೋರುವ ಕೊಡದ ನೀರು. ತುಂಬಿದ್ದು ತುಂಬಿದ ಹಾಗೆ ನಿಲ್ಲುವುದಿಲ್ಲ. ಹಾಗಾಗಿ ಪ್ರತಿಯೊಂದನ್ನೂ ಮತ್ತೆ ಮತ್ತೆ ಓದಿ, ಮತ್ತೆ ತುಂಬುತ್ತಿರಬೇಕು. ಕಂಪ್ಯೂಟರಿನ ಸಾಮಾನ್ಯ ಡಿಡಿಆರ್4 ರ‍್ಯಾಮಿನಲ್ಲಿ ಇದನ್ನು 64 ಮಿಲಿಸೆಕೆಂಡಿಗೊಮ್ಮೆ ಮಾಡಿದರೆ ಸಾಕು. 85 ಡಿಗ್ರಿ ದಾಟಿದರೆ 32 ಮಿಲಿಸೆಕೆಂಡಿಗೊಮ್ಮೆ ಮಾಡಬೇಕೆಂದು ಮಾನದಂಡವೇ ಹೇಳುತ್ತದೆ, ಯಾಕೆಂದರೆ ಬಿಸಿ ಏರಿದಂತೆ ಸೋರಿಕೆಯೂ ಏರುತ್ತದೆ. ಕಾರ್ಡಿನ ಮೆಮೊರಿಯದೂ ಇದೇ ಸ್ವಭಾವ. ಇದರ ಮೇಲೆ, ಅಷ್ಟು ವೇಗದಲ್ಲಿ ಚಿಪ್ಪಿನಿಂದ ಚಿಪ್ಪಿಗೆ ಹಾಯುವ ಸಂಕೇತದ ಹೊತ್ತಿನ ಹೊಂದಾಣಿಕೆಯೂ ಬಿಸಿಗೆ ತಪ್ಪುತ್ತದೆ. ತಪ್ಪಿದ ಒಂದು ಬಿಟ್ ಬಣ್ಣದ ಅಂಕಿಯಲ್ಲಿದ್ದರೆ ಪರದೆಯ ಮೇಲೆ ಒಂದು ಚುಕ್ಕೆ ಮಿಂಚಿ ಹೋಗುತ್ತದೆ. ಅದೇ ಬಿಟ್ ಚಿಪ್ಪು ಪಾಲಿಸಬೇಕಾದ ಆಜ್ಞೆಯೊಂದರಲ್ಲಿದ್ದರೆ ಚಿಪ್ಪು ದಾರಿ ತಪ್ಪುತ್ತದೆ. ಎರಡು ಸೆಕೆಂಡು ಕಳೆಯುತ್ತದೆ.

ಇದನ್ನು ಸ್ಕ್ರೂಡ್ರೈವರ್ ಮುಟ್ಟದೆ ಪರೀಕ್ಷಿಸಬಹುದು. 'ಎಂಎಸ್‌ಐ ಆಫ್ಟರ್‌ಬರ್ನರ್' ಎಂಬ ಪ್ರೋಗ್ರಾಂನಲ್ಲಿ ಮೆಮೊರಿಯ ವೇಗವನ್ನು ಮಾತ್ರ 500 ಮೆಗಾಹರ್ಟ್ಸ್ ಇಳಿಸಿದೆವು. ಅದೇ ಆಟ, ಅದೇ ಉರಿ ಮಧ್ಯಾಹ್ನ. ಸಂಜೆಯವರೆಗೆ ಏನೂ ಆಗಲಿಲ್ಲ. ಮರುದಿನ ವೇಗವನ್ನು ಮೊದಲಿನಂತೆ ಏರಿಸಿದೆವು. ಈ ಎರಡನೆಯ ಹೆಜ್ಜೆಯನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ಸರಿಹೋಯಿತಲ್ಲ ಎಂಬ ಖುಷಿಯಲ್ಲಿ. ವಾಪಸ್ ಏರಿಸಿದಾಗ ತೊಂದರೆ ವಾಪಸ್ ಬಂದರೆ ಮಾತ್ರ ಕಾರಣ ಅದೇ ಎಂದು ಧೈರ್ಯವಾಗಿ ಹೇಳಬಹುದು. ಬಂತು, ಊಟ ಮುಗಿಸಿ ಕೂತ ಸ್ವಲ್ಪ ಹೊತ್ತಿಗೇ.

ಆಮೇಲೆ ಕಾರ್ಡನ್ನು ಬಿಚ್ಚಿದ್ದು. ಮೆಮೊರಿ ಚೌಕಗಳಿಂದ ಲೋಹದ ಹೀಟ್‌ಸಿಂಕಿಗೆ ಬಿಸಿ ದಾಟಲು ನಡುವೆ ಥರ್ಮಲ್ ಪ್ಯಾಡ್ ಎಂಬ ಮೆತ್ತನೆಯ ಸಿಲಿಕೋನ್ ತುಂಡು ಇರುತ್ತದೆ. ಅದು ಒತ್ತಿದರೆ ರಬ್ಬರಿನಂತೆ ತಗ್ಗಬೇಕು. ಇಲ್ಲಿ ಉಗುರು ತಾಗಿದೊಡನೆ ಪುಡಿಯಾಯಿತು. ಅದರೊಳಗಿನ ಎಣ್ಣೆ ಸೋರಿ ಬೋರ್ಡಿನ ಮೇಲೆ ಜಿಡ್ಡು ಹರಡಿತ್ತು. ಎರಡು ಚೌಕಗಳ ಮೇಲೆ ಪ್ಯಾಡಿಗೂ ಲೋಹಕ್ಕೂ ನಡುವೆ ಬೆಳಕು ಹಾಯುವಷ್ಟು ಸಂದು.

ಇಷ್ಟು ಬೇಗ ಹೀಗೆ ಒಣಗಲು ಕಾರಣವೇನು ಎಂದು ಹುಡುಕಿದರೆ ವಿನೋಬನಗರದಿಂದ ಬಹಳ ದೂರ ಹೋಗಬೇಕು. ಈಥೀರಿಯಂ ಎಂಬ ಕ್ರಿಪ್ಟೊ ನಾಣ್ಯವನ್ನು ಗ್ರಾಫಿಕ್ಸ್ ಕಾರ್ಡುಗಳಿಂದ ಗಳಿಸುವ ದಂಧೆ 2022ರವರೆಗೆ ಜೋರಾಗಿತ್ತು. ಆ ಲೆಕ್ಕಾಚಾರಕ್ಕೆ ಚಿಪ್ಪಿನ ಬಲಕ್ಕಿಂತ ಮೆಮೊರಿಯ ವೇಗ ಮುಖ್ಯ. ಕಡಿಮೆ ಕರೆಂಟು ಉಣ್ಣುವ, ವೇಗದ ಮೆಮೊರಿಯ 1660 ಸೂಪರ್ ಆ ಮಂದಿಗೆ ಅಚ್ಚುಮೆಚ್ಚು. ಚಿಪ್ಪಿನ ವೇಗ ತಗ್ಗಿಸಿ, ಮೆಮೊರಿಯ ವೇಗ ಮಿತಿ ಮೀರಿ ಏರಿಸಿ, ಹಗಲು ರಾತ್ರಿ ತಿಂಗಳುಗಟ್ಟಲೆ ಓಡಿಸುತ್ತಿದ್ದರು. 2022ರ ಸೆಪ್ಟೆಂಬರ್ 15ರಂದು ಈಥೀರಿಯಂ ತನ್ನ ಪದ್ಧತಿ ಬದಲಿಸಿತು, ಕಾರ್ಡುಗಳ ಅಗತ್ಯವೇ ಮುಗಿಯಿತು. ಆ ಕಾರ್ಡುಗಳು ಒಮ್ಮೆಲೇ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗಳಿಗೆ ಬಂದು ಬಿದ್ದವು. ನಮ್ಮ ಕಾರ್ಡೂ ಅವುಗಳಲ್ಲಿ ಒಂದು ಎನ್ನಲು ರಸೀದಿ ಇಲ್ಲ, ಆದರೆ ನಡುವಿನ ಪೇಸ್ಟ್ ಇನ್ನೂ ಹಸಿಯಾಗಿದ್ದು ಮೆಮೊರಿಯ ಪ್ಯಾಡ್ ಮಾತ್ರ ಸುಟ್ಟಂತಾಗಿದ್ದರೆ ನಾನಂತೂ ಬೇರೆ ಕಾರಣ ಊಹಿಸಲಾರೆ.

ಹೊಸ ಪ್ಯಾಡಿನಲ್ಲಿ ದಪ್ಪವೇ ಮುಖ್ಯ. ತೆಳ್ಳಗಾದರೆ ಸಂದು ಉಳಿಯುತ್ತದೆ. ದಪ್ಪವಾದರೆ ಹೀಟ್‌ಸಿಂಕು ಎತ್ತಿ ಹಿಡಿದಂತಾಗಿ ನಡುವಿನ ಚಿಪ್ಪಿಗೆ ಕೂರುವುದೇ ಇಲ್ಲ, ಮೊದಲಿಗಿಂತ ಕೆಟ್ಟ ಸ್ಥಿತಿ. ಅಜ್ಜ ಒಳಗಿನಿಂದ ತಮ್ಮ ವರ್ನಿಯರ್ ಕ್ಯಾಲಿಪರ್ ತಂದರು, ಬಟ್ಟೆಯಲ್ಲಿ ಸುತ್ತಿಟ್ಟದ್ದು. ಹಳೆಯ ಪ್ಯಾಡಿನಲ್ಲಿ ಲೋಹದ ಒತ್ತು ಬೀಳದೆ ಹೊರಚಾಚಿದ್ದ ಅಂಚನ್ನು ಆರಿಸಿ, ದವಡೆ ತಾಗಿಯೂ ತಾಗದ ಹಾಗೆ ಹಿಡಿದು ಓದಿದರು: ಒಂದು ಮಿಲಿಮೀಟರ್. ಒತ್ತು ಬಿದ್ದ ಜಾಗದಲ್ಲಿ ಅಳೆದಿದ್ದರೆ ಕಡಿಮೆ ತೋರಿಸುತ್ತಿತ್ತು. ಆ ಅಂಚನ್ನು ಆರಿಸಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದೇ ದಪ್ಪದ ಪ್ಯಾಡ್ ತರಿಸಿ, ಜಿಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ನಡುವೆ ಹೊಸ ಪೇಸ್ಟ್ ಹಾಕಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದದ್ದಾಯಿತು. ಮೆಮೊರಿ ಪೂರ್ತಿ ವೇಗದಲ್ಲೇ ಮೇ ತಿಂಗಳ ಬಿಸಿಲನ್ನು ದಾಟಿತು. ವಾರಂಟಿ ಇರುವ ಕಾರ್ಡನ್ನು ಮಾತ್ರ ಹೀಗೆ ಬಿಚ್ಚಬಾರದು, ಕಂಪನಿಗೇ ಕಳಿಸಬೇಕು.

ಹಾಟ್ ಏರ್ ಗನ್ನಿನಿಂದ ಚಿಪ್ಪನ್ನೇ ಕಾಯಿಸಿ 'ಬದುಕಿಸುವ' ರಿಪೇರಿಯ ಬಗ್ಗೆ ಒಂದು ಮಾತು. ಚಿಪ್ಪಿನ ಅಡಿಯ ಬೆಸುಗೆಗಳು ಬಿರುಕು ಬಿಟ್ಟ ಉದಾಹರಣೆಗಳು ಇಲ್ಲದಿಲ್ಲ. 2008ರಲ್ಲಿ ಇಂಥದ್ದೇ ದೋಷಕ್ಕಾಗಿ ಎನ್‌ವಿಡಿಯಾ 196 ಮಿಲಿಯನ್ ಡಾಲರ್ ತೆಗೆದಿಡಬೇಕಾಯಿತು. ಕಾಯಿಸಿದರೆ ಬಿರುಕು ಕೆಲವು ದಿನ ಕೂಡಿಕೊಂಡಂತೆ ಕಾಣುತ್ತದೆ, ಮತ್ತೆ ಬಿಡುತ್ತದೆ. ಪ್ಯಾಡ್ ಒಣಗಿದ ಕಾರ್ಡಿಗೆ ಅದನ್ನು ಮಾಡಿದರೆ ಸರಿಯಿರುವ ಬೆಸುಗೆಯೂ ಕೆಡಬಹುದು.

ಇನ್ನೊಂದು ಸಲಹೆಯೂ ಎಲ್ಲೆಡೆ ಓಡಾಡುತ್ತಿದೆ: ರಿಜಿಸ್ಟ್ರಿಗೆ ಹೋಗಿ 'ಟಿಡಿಆರ್ ಡಿಲೇ' ಎಂಬಲ್ಲಿ ಎರಡು ಸೆಕೆಂಡಿನ ಗಡುವಿನ ಬದಲು ಎಂಟೋ ಹತ್ತೋ ಬರೆಯುವುದು. ಭಾರೀ ತ್ರೀಡಿ ಚಿತ್ರ ಬರೆಯುವವರಿಗೆ ಇದು ಬೇಕಾಗುತ್ತದೆ, ಅವರ ಒಂದೊಂದು ಕೆಲಸವೇ ಎರಡು ಸೆಕೆಂಡು ಮೀರಬಹುದು. ಆಟಕ್ಕೆ ಬೇಕಿಲ್ಲ. ಸೆಕೆಂಡಿನ ಅರವತ್ತನೇ ಒಂದು ಭಾಗದಲ್ಲಿ ಮುಗಿಯಬೇಕಾದ ಚಿತ್ರ ಎರಡು ಸೆಕೆಂಡಾದರೂ ಬಾರದಿದ್ದರೆ ಹತ್ತು ಸೆಕೆಂಡಿಗೂ ಬರುವುದಿಲ್ಲ. ಅಷ್ಟು ಹೊತ್ತು ಪರದೆ ಕಲ್ಲಾಗಿ ನಿಲ್ಲುತ್ತದೆ, ಅಷ್ಟೆ. ರ‍್ಯಾಮ್ ಮೇಲೆ ಅನುಮಾನವಿದ್ದರೆ ಬಯೋಸ್‌ನಲ್ಲಿ ರ‍್ಯಾಮಿನ ವೇಗ ಏರಿಸುವ ಎಕ್ಸ್‌ಎಂಪಿಯನ್ನು ಆಫ್ ಮಾಡಿ ಎರಡು ದಿನ ನಡೆಸಿ ನೋಡುವುದು ಇದಕ್ಕಿಂತ ಉಪಯೋಗದ ಕೆಲಸ.

ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವವರು ಅಂಗಡಿಯ ಎಸಿಯಲ್ಲಿ ಐದು ನಿಮಿಷ ಪರದೆ ಬರುವುದನ್ನು ನೋಡಿ ದುಡ್ಡು ಕೊಡಬಾರದು. ಅರ್ಧ ಗಂಟೆಯಾದರೂ ಆಟವನ್ನೋ ಭಾರದ ಪರೀಕ್ಷೆಯನ್ನೋ ಓಡಿಸಿ ನೋಡಬೇಕು, ಕಪ್ಪು ಹಿನ್ನೆಲೆಯ ಮೇಲೆ ಬಣ್ಣದ ಚುಕ್ಕೆ ಮಿಂಚುತ್ತದೆಯೇ ಎಂದು ಕಣ್ಣಿಡಬೇಕು. ಕಾರ್ಡನ್ನು ಕೈಗೆ ತೆಗೆದುಕೊಂಡು ಅಂಚಿನಿಂದ ಒಳಗೆ ಟಾರ್ಚ್ ಬಿಟ್ಟರೆ ಮೆಮೊರಿ ಚೌಕಗಳ ಸುತ್ತ ಎಣ್ಣೆಯ ಜಿಡ್ಡು ಇದ್ದರೆ ಕಾಣುತ್ತದೆ. ಕಂಡರೆ ಕಾರ್ಡನ್ನು ಬಿಟ್ಟೇಬಿಡಬೇಕೆಂದಿಲ್ಲ. ಪ್ಯಾಡು, ಪೇಸ್ಟು, ಒಂದು ಮಧ್ಯಾಹ್ನದ ಕೆಲಸ, ಇಷ್ಟರ ಖರ್ಚನ್ನು ಹಿಡಿದು ಬೆಲೆಯಲ್ಲಿ ಚೌಕಾಸಿ ಮಾಡಬಹುದು. ತಂದ ಮೇಲೆ ಮೊದಲ ಬೇಸಿಗೆಯವರೆಗೂ ದಾಖಲೆ ಬರೆದಿಡುವುದು ಒಳ್ಳೆಯದು, ಯಾಕೆಂದರೆ ಡಿಸೆಂಬರ್‌ನಲ್ಲಿ ಕೊಂಡ ಕಾರ್ಡಿನ ಪರೀಕ್ಷೆ ನಮ್ಮೂರಲ್ಲಿ ಮುಗಿಯುವುದು ಏಪ್ರಿಲ್‌ನಲ್ಲಿ.